ಕೊಡಗಲ್ಲಿ ಉಳ್ಕೊಂಡು ಯೋಗ ಟೀಚರ್ ಟ್ರೈನಿಂಗ್ ಮಾಡೋರಿಗೆ: ದಿನ ಹೇಗಿರತ್ತೆ, ಹೇಗೆ ನಿಭಾಯಿಸೋದು

ಯಾವ ಸ್ಕೂಲ್ ಒಳ್ಳೇದು, ಯಾವ್ದು ಚೀಪು ಅನ್ನೋ ಲಿಸ್ಟ್ ಬೇಕಿದ್ರೆ ಇಲ್ಲಿ ಸಿಗಲ್ಲ. ಎಸ್ಟೇಟ್ ಒಳಗೆ ಎಲ್ಲೋ ಒಂದು ಹೋಮ್‌ಸ್ಟೇ ತರದ ಜಾಗದಲ್ಲಿ ಒಂದು ತಿಂಗಳು ಅಲ್ಲೇ ಉಂಡು ಅಲ್ಲೇ ಮಲಗಿ ಮಾಡೋ ಕೋರ್ಸ್‌ಗೆ ದುಡ್ಡು ಕಟ್ಟಿದೀರ, ಅಥ್ವಾ ಕಟ್ಬೇಕು ಅಂತಿದೀರ, ಅಂಥವ್ರಿಗೆ ಇದು. ನಾನು ಮಡಿಕೇರಿ ಕಡೆ ಇಂಥದ್ದೇ ಒಂದು ಕೋರ್ಸಲ್ಲಿ ಅಸಿಸ್ಟೆಂಟ್ ಆಗಿದೀನಿ, ಬ್ಯಾಚ್ ಮೇಲೆ ಬ್ಯಾಚ್ ಬರೋದು ಹೋಗೋದು ನೋಡ್ತಾನೇ ಇರ್ತೀನಿ. ಶೀರ್ಷಾಸನ ಬರ್ಲಿಲ್ಲ ಅಂತ ಗಂಟುಮೂಟೆ ಕಟ್ಟಿದೋರನ್ನ ಇನ್ನೂ ನೋಡಿಲ್ಲ. ನಿದ್ದೆಗೆಟ್ಟು, ಒದ್ದೆ ಬಟ್ಟೆ ಹಾಕ್ಕೊಂಡು, ಮೊದಲ ವಾರಾನೇ ಮೈಯೆಲ್ಲಾ ಹಿಂಡ್ಕೊಂಡು ಕೊನೆಗೆ ರೂಮಲ್ಲಿ ಬೆಚ್ಚಗೆ ಹೊದ್ದು ಮಲಗಿದೋರನ್ನ ಬೇಕಾದಷ್ಟು ನೋಡಿದೀನಿ. ಹಾಗಾಗಿ ಆಸನದ ಬಗ್ಗೆ ಕಡಿಮೆ ಹೇಳಿ ಮಿಕ್ಕಿದ್ದರ ಬಗ್ಗೆ ಜಾಸ್ತಿ ಹೇಳ್ತೀನಿ.

ದುಡ್ಡು ಕಟ್ಟೋ ಮುಂಚೆ ಒಂದು ಸಣ್ಣ ಲೆಕ್ಕ ಹಾಕಿ. 200 ಗಂಟೆ ಕೋರ್ಸ್ ಅಂತಾರಲ್ಲ, 28 ದಿನದಲ್ಲಿ ವಾರಕ್ಕೊಂದು ರಜೆ ತೆಗೆದ್ರೆ 24 ದಿನ ಉಳಿಯತ್ತೆ, ಅಂದ್ರೆ ದಿನಕ್ಕೆ ಎಂಟು ಗಂಟೆ ಚಿಲ್ಲರೆ ಕ್ಲಾಸು. ಅದೇ 200 ಗಂಟೆನ 18 ದಿನದಲ್ಲಿ ಮುಗಿಸ್ತೀವಿ ಅಂದ್ರೆ ದಿನಕ್ಕೆ 11 ಗಂಟೆ ಆಯ್ತು, ಅದ್ರಲ್ಲಿ ಊಟ ಯಾವಾಗ, ಬಟ್ಟೆ ಒಗೆಯೋದು ಯಾವಾಗ, ಓದೋದು ಯಾವಾಗ ಅಂತ ಕೇಳಿ ನೋಡಿ, ಏನ್ ಉತ್ತರ ಬರತ್ತೋ ನೋಡೋಣ. ಇನ್ನೊಂದು, ಸರ್ಟಿಫಿಕೇಟ್ ಯಾರದ್ದು ಅಂತ ಕೇಳ್ಕೊಳ್ಳಿ. ಯೋಗ ಅಲಯನ್ಸ್ ಅನ್ನೋದು ಅಮೆರಿಕದ ಒಂದು ಸಂಸ್ಥೆ, ಅವ್ರು ಸ್ಕೂಲುಗಳನ್ನ ರಿಜಿಸ್ಟರ್ ಮಾಡ್ಕೊಳ್ತಾರೆ, ಅದು ಸರ್ಕಾರದ್ದಲ್ಲ. ನಮ್ಮ ಆಯುಷ್ ಮಂತ್ರಾಲಯದ ಕೆಳಗೆ ಯೋಗ ಸರ್ಟಿಫಿಕೇಶನ್ ಬೋರ್ಡ್ ಅಂತ ಬೇರೆ ಇದೆ, ಅದಕ್ಕೆ ಬೇರೆ ಪರೀಕ್ಷೆ. ವಿದೇಶದೋರಿಗೆ ಕಲಿಸೋ ಪ್ಲಾನ್ ಇರೋರು ಮೊದಲ್ನೇದನ್ನ ಕೇಳ್ತಾರೆ, ಇಲ್ಲೇ ಸರ್ಕಾರಿ ಕಾರ್ಯಕ್ರಮ ಅಂತ ನೋಡೋರಿಗೆ ಎರಡನೇದು ಉಪಯೋಗಕ್ಕೆ ಬರತ್ತೆ. ಎರಡೂ ಒಂದೇ ಅಂತ ಯಾರಾದ್ರೂ ಹೇಳಿದ್ರೆ ಅಲ್ಲಿಂದ ನಡೀರಿ.

ಯಾವ ತಿಂಗಳು ಬರೋದು ಅನ್ನೋದು ಕೊಡಗಲ್ಲಿ ದೊಡ್ಡ ವಿಷ್ಯ. ಜೂನಿಂದ ಸೆಪ್ಟೆಂಬರ್ ತನಕ ಮಳೆ, ಅದೂ ಬೆಂಗಳೂರಲ್ಲಿ ಸಂಜೆ ಒಂದು ಗಂಟೆ ಹೊಯ್ದು ನಿಲ್ಲೋ ಮಳೆ ಅಲ್ಲ, ಮಡಿಕೇರಿ ಭಾಗಮಂಡಲ ಕಡೆ ದಿನಗಟ್ಲೆ ಬಿಡದೆ ಸುರಿಯತ್ತೆ, ಕರೆಂಟ್ ಹೋದ್ರೆ ಎರಡು ಮೂರು ದಿನ ಬರ್ದೇ ಇರೋದೂ ಉಂಟು, 2018ರ ಆಗಸ್ಟಲ್ಲಿ ಗುಡ್ಡ ಜರಿದಿದ್ದು ಎಲ್ರಿಗೂ ನೆನಪಿದೆ, ಆಮೇಲೆ ಜೋರು ಮಳೆ ಬಂದಾಗೆಲ್ಲ ರಸ್ತೆ ಬಗ್ಗೆ ವಿಚಾರಿಸಿಯೇ ಹೊರಡೋದು ಇಲ್ಲಿಯವ್ರಿಗೆ ಅಭ್ಯಾಸ ಆಗಿದೆ. ಮಳೆಗಾಲದ ಬ್ಯಾಚ್‌ಗೆ ಫೀಸ್ ಕಡಿಮೆ ಇರೋದು ಸುಮ್ನೆ ಅಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ತನಕ ನನ್ ಪ್ರಕಾರ ಬೆಸ್ಟು, ಡಿಸೆಂಬರ್ ಜನವರಿ ಬೆಳಗ್ಗೆ ಮಾತ್ರ ಚೆನ್ನಾಗಿ ಚಳಿ, ಸ್ವೆಟರ್ ಹಾಕ್ಕೊಂಡೇ ಪ್ರಾಣಾಯಾಮಕ್ಕೆ ಕೂರೋದು. ಅದು ಕಾಫಿ ಕೊಯ್ಲಿನ ಟೈಮೂ ಹೌದು, ಕಣದಲ್ಲಿ ಕಾಫಿ ಒಣಗಕ್ಕೆ ಹಾಕಿರ್ತಾರೆ, ವಾಕಿಂಗ್ ಹೋಗೋರು ದಯವಿಟ್ಟು ಅದ್ರ ಮೇಲೆ ನಡೀಬೇಡಿ, ಫೋಟೋಗೋಸ್ಕರ ಅದ್ರ ಮಧ್ಯ ವೃಕ್ಷಾಸನ ನಿಲ್ಬೇಡಿ, ಬೈಗುಳ ತಿಂತೀರ. ಹುತ್ತರಿ, ಅಂದ್ರೆ ಕೊಡಗಿನ ಸುಗ್ಗಿ ಹಬ್ಬ, ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ ಬರತ್ತೆ, ಆಗ ಅಡಿಗೆಯವ್ರು ರಜಾ ಹಾಕಿದ್ರೆ ಎರಡು ದಿನ ನೀವೇ ಸೌಟು ಹಿಡೀಬೇಕಾಗಬಹುದು. ಮಾರ್ಚ್ ಏಪ್ರಿಲ್ ಹೂ ಮಳೆ ಬಿದ್ದು ಕಾಫಿ ಹೂ ಬಿಟ್ಟು ತೋಟ ಪೂರ್ತಿ ಬೆಳ್ಳಗೆ ಆದಾಗ ಬಂದ್ರೆ ಅದೃಷ್ಟ.

ಬರೋದು ಹೇಗೆ ಅಂದ್ರೆ, ಕೊಡಗಿಗೆ ರೈಲಿಲ್ಲ, ಮೈಸೂರಿಗೆ ಬಂದು ಅಲ್ಲಿಂದ ಬಸ್ಸು, ಮಡಿಕೇರಿಗೆ 120 ಕಿಲೋಮೀಟರ್ ಹತ್ರತ್ರ. ಬೆಂಗಳೂರಿಂದ ನೇರ ಬಸ್ಸಿದೆ, ಮೈಸೂರು ರೋಡ್ ಸ್ಯಾಟಲೈಟ್ ಬಸ್ ಸ್ಟ್ಯಾಂಡಿಂದ ಹೊರಡ್ತವೆ. ಕಷ್ಟ ಇರೋದು ಕೊನೇ ನಾಲ್ಕೈದು ಕಿಲೋಮೀಟರಲ್ಲಿ, ಎಸ್ಟೇಟ್ ರಸ್ತೆಗೆ ಜೀಪೇ ಬೇಕು, ಆಟೋದವ್ರು ಅರ್ಧಕ್ಕೆ ಇಳಿಸಿ ಹೋಗ್ತಾರೆ. ಕತ್ತಲಾಗೋ ಮುಂಚೆ ತಲುಪೋ ಹಾಗೆ ನೋಡ್ಕೊಳ್ಳಿ, ಸಿದ್ದಾಪುರ, ವಿರಾಜಪೇಟೆ ಕಡೆ ಜಾಗ ಆದ್ರಂತೂ ಖಂಡಿತ, ಅಲ್ಲಿ ಸಂಜೆ ಮೇಲೆ ಆನೆ ರಸ್ತೆಗೆ ಬರೋದು ಮಾಮೂಲಿ. ಅದೇ ಕಾರಣಕ್ಕೆ ಬೆಳಗ್ಗೆ ಐದಕ್ಕೆ ಒಬ್ಬರೇ ಗೇಟ್ ದಾಟಿ ಧ್ಯಾನ ಮಾಡಕ್ಕೆ ಹೋಗೋ ಐಡಿಯಾ ಇದ್ರೆ ಅಲ್ಲೇ ಬಿಡಿ. ಕೈಯಲ್ಲಿ ಸ್ವಲ್ಪ ಕ್ಯಾಶ್ ಇರಲಿ, ನೆಟ್‌ವರ್ಕ್ ಸಿಗ್ದೇ ಇದ್ರೆ ಫೋನ್‌ಪೇ ಏನೂ ಕೆಲ್ಸ ಮಾಡಲ್ಲ.

ಬ್ಯಾಗಿಗೆ ಏನ್ ಹಾಕೋದು ಅಂತ ಎಲ್ರೂ ಕೇಳ್ತಾರೆ, ಕೇಳಿ ಕೊನೆಗೆ ಏಳು ಜೊತೆ ಹತ್ತಿ ಪ್ಯಾಂಟ್ ತರ್ತಾರೆ. ಹತ್ತಿ ಬಟ್ಟೆ ಹಾಕ್ಕೊಳ್ಳಕ್ಕೆ ಸುಖ, ಆದ್ರೆ ಮಳೆಗಾಲದಲ್ಲಿ ಒಂದ್ಸಲ ಒಗೆದ್ರೆ ನಾಲ್ಕು ದಿನ ಒಣಗಲ್ಲ, ವಾಸನೆ ಬೇರೆ. ಬೇಗ ಒಣಗೋ ಬಟ್ಟೆ ನಾಲ್ಕು ಜೊತೆ, ತೆಳ್ಳನೆ ಟವಲ್ ಎರಡು, ಒಳಬಟ್ಟೆ ಮಾತ್ರ ಧಾರಾಳವಾಗಿ ಇರ್ಲಿ. ದಿನಾ ಒಂದೊಂದು ಜೊತೆ ಒಗೀರಿ, ರಜೆ ದಿನಕ್ಕೆ ಅಂತ ಗುಡ್ಡೆ ಹಾಕ್ಬೇಡಿ, ಯಾಕಂದ್ರೆ ಆ ದಿನ ಹಗ್ಗದ ಮೇಲೆ ಇಪ್ಪತ್ತು ಜನದ ಬಟ್ಟೆ ಇರತ್ತೆ. ಬಚ್ಚಲ ಹಂಡೆ ಒಲೆ ಹತ್ರ ಜಾಗ ಸಿಕ್ಕಿದ್ರೆ ಅದಕ್ಕಿಂತ ಒಳ್ಳೇ ಡ್ರೈಯರ್ ಇಲ್ಲ, ಅಡಿಗೆ ಮನೆಯವ್ರ ಜೊತೆ ಚೆನ್ನಾಗಿರಿ, ಆ ಜಾಗ ನಿಮಗೇ. ಒದ್ದೆ ಬಟ್ಟೇಲಿ ಕ್ಲಾಸಿಗೆ ಕೂತ್ರೆ ತೊಡೆ ಸಂದಿ, ಕಾಲ್ಬೆರಳ ಸಂದಿ ತುರಿಕೆ ಶುರು ಆಗತ್ತೆ, ಅದು ಫಂಗಸ್ಸು, ಸ್ನಾನ ಆದ್ಮೇಲೆ ಪೂರ್ತಿ ಒರೆಸ್ಕೊಳ್ಳಿ, ಆದ್ರೂ ಬಂದ್ರೆ ಮೆಡಿಕಲ್ ಸ್ಟೋರ್ ಮಡಿಕೇರೀಲಿ, ಅಲ್ಲಿ ತನಕ ಹೋಗೋ ಟೈಮ್ ನಿಮಗೆ ಸಿಗಲ್ಲ, ಹಾಗಾಗಿ ಆ್ಯಂಟಿಫಂಗಲ್ ಪೌಡರ್ ಮನೆಯಿಂದಾನೇ ತನ್ನಿ. ಮ್ಯಾಟ್ ಸುತ್ತಿ ಮೂಲೇಲಿ ನಿಲ್ಸಿದ್ರೆ ಬೂಷ್ಟು ಹಿಡಿಯತ್ತೆ, ಬಿಚ್ಚಿ ನೇತು ಹಾಕಿ. ಜಮಖಾನ ಒಂದು ಇದ್ರೆ ಚಳೀಲಿ ನೆಲದ ತಂಡಿ ತಟ್ಟಲ್ಲ, ಶವಾಸನಕ್ಕೆ ಹೊದಿಕೆ, ಪದ್ಮಾಸನಕ್ಕೆ ಮಡಚಿಟ್ರೆ ದಿಂಬು. ಟಾರ್ಚು, ಪವರ್ ಬ್ಯಾಂಕು, ಛತ್ರಿ. ಮಳೆಗಾಲ ಆದ್ರೆ ಒಂದು ಚಿಕ್ಕ ಬಟ್ಟೆ ಗಂಟಲ್ಲಿ ಉಪ್ಪು, ಜಿಗಣೆ ಹತ್ತಿದ್ರೆ ಒತ್ತಕ್ಕೆ. ಜಿಗಣೆ ನೋಡಿ ಕಿರುಚೋರು ಮೊದಲ ಎರಡು ದಿನ ಕಿರುಚ್ತಾರೆ, ಆಮೇಲೆ ಮಾತಾಡ್ತಾ ಮಾತಾಡ್ತಾನೇ ಕಿತ್ತು ಎಸೀತಾರೆ.

ಇನ್ನು ಕಾಫಿ. ಇದು ನಂಗೆ ಯಾವಾಗ್ಲೂ ತಮಾಷೆ ಅನ್ಸೋದು, ಸುತ್ತ ನೋಡಿದ್ರೆ ಕಣ್ಣು ಹಾಯೋವರ್ಗೂ ಕಾಫಿ ಗಿಡ, ಒಳಗೆ ಮಾತ್ರ ಕಾಫಿ ಇಲ್ಲ, ಬಹಳ ಕಡೆ ಜೀರಿಗೆ ಕಷಾಯ ಕೊಡ್ತಾರೆ. ದಿನಕ್ಕೆ ಮೂರು ಲೋಟ ಕುಡಿಯೋರು ಒಂದೇ ಸಲ ಬಿಟ್ರೆ ಮಾರನೇ ದಿನದಿಂದ ತಲೆನೋವು, ಎರಡನೇ ದಿನ ಜೋರು, ಸಿಡಿಮಿಡಿ, ಪ್ರಾಣಾಯಾಮ ಮಾಡಿ ತಲೆ ಸಿಡೀತಿದೆ ಅಂತ ಟೀಚರ್ ಮೇಲೆ ಹಾಕ್ತಾರೆ. ಬರೋ ಹತ್ತು ದಿನ ಮುಂಚಿಂದ ಒಂದೊಂದು ಲೋಟ ಕಡಿಮೆ ಮಾಡ್ತಾ ಬನ್ನಿ, ಅಷ್ಟೇ ಕೆಲ್ಸ. ಹಾಗೇ ಬರೋ ಮುಂಚಿನ ವಾರ ರಾತ್ರಿ ಹತ್ತಕ್ಕೆ ಮಲಗೋದು ಶುರು ಮಾಡಿ. ಬಿಪಿ, ಶುಗರ್, ಥೈರಾಯ್ಡ್ ಮಾತ್ರೆ ತಗೊಳ್ಳೋರು ಪೂರ್ತಿ ತಿಂಗಳಿಗಾಗೋಷ್ಟು ತನ್ನಿ, ಯೋಗ ಮಾಡ್ತಿದೀನಿ ಅಂತ ಮಾತ್ರೆ ನಿಲ್ಸೋ ಸಾಹಸ ಬೇಡ್ವೇ ಬೇಡ. ಫಾರ್ಮಲ್ಲಿ ಹಳೇ ಆಪರೇಷನ್ನು, ಬೆನ್ನು ನೋವು, ಕಣ್ಣಿನ ಒತ್ತಡ ಎಲ್ಲಾ ನಿಜವಾಗಿ ಬರೀರಿ. ಗ್ಲಾಕೋಮ ಇರೋರಿಗೆ ತಲೆಕೆಳಗಾಗೋ ಆಸನ ಬೇಡ, ಬಿಪಿ ಇರೋರಿಗೆ ಕಪಾಲಭಾತಿ, ಭಸ್ತ್ರಿಕಾ ಥರ ರಭಸವಾಗಿ ಉಸಿರಾಡೋದು ಬೇಡ, ಇದು ಟೀಚರ್‌ಗೆ ಗೊತ್ತಿದ್ರೆ ತಾನೇ ಬೇರೆ ಏನಾದ್ರೂ ಕೊಡೋದು.

ದಿನ ಹೆಚ್ಚುಕಮ್ಮಿ ಹೀಗಿರತ್ತೆ. ಐದಕ್ಕೆ ಬೆಲ್ಲು, ಐದೂವರೆಗೆ ಕ್ರಿಯೆ ಅಂದ್ರೆ ಮೂಗು, ಹೊಟ್ಟೆ ಶುದ್ಧಿ ಮಾಡೋ ಅಭ್ಯಾಸ, ಆರಕ್ಕೆ ಪ್ರಾಣಾಯಾಮ ಧ್ಯಾನ, ಏಳರಿಂದ ಎಂಟೂವರೆ ಆಸನ, ಒಂಬತ್ತಕ್ಕೆ ತಿಂಡಿ, ಆಮೇಲೆ ಕರ್ಮಯೋಗ ಅಂದ್ರೆ ಪಾತ್ರೆ ತೊಳೆಯೋದು, ಗುಡಿಸೋದು, ತರಕಾರಿ ಹೆಚ್ಚೋದು, ಹನ್ನೊಂದಕ್ಕೆ ಫಿಲಾಸಫಿ, ಒಂದಕ್ಕೆ ಊಟ, ಎರಡೂವರೆಗೆ ಅನಾಟಮಿ, ನಾಲ್ಕರಿಂದ ಆರು ಮತ್ತೆ ಆಸನ ಮತ್ತೆ ಪಾಠ ಹೇಳೋ ಪ್ರಾಕ್ಟೀಸು, ಸಂಜೆ ಭಜನೆನೋ, ದೀಪ ದಿಟ್ಟಿಸಿ ನೋಡೋ ತ್ರಾಟಕನೋ, ಏಳೂವರೆಗೆ ಊಟ, ಒಂಬತ್ತೂವರೆಗೆ ಲೈಟ್ ಆಫ್. ಒಂದೊಂದು ಕಡೆ ಊಟ ಎರಡೇ ಹೊತ್ತು, ಕೇಳ್ಕೊಂಡು ಬನ್ನಿ.

ಈ ಟೈಮ್‌ಟೇಬಲಲ್ಲಿ ನಿಮ್ಮ ಕೈಲಿರೋದು ಎರಡೇ ತುಂಡು, ಮಧ್ಯಾಹ್ನ ಊಟ ಆದ್ಮೇಲಿನ ಒಂದು ಗಂಟೆ ಮತ್ತೆ ರಾತ್ರಿ ಊಟ ಆದ್ಮೇಲಿನ ಒಂದು ಗಂಟೆ. ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಿ, ಅಲಾರಂ ಇಟ್ಕೊಂಡು, ಅದಕ್ಕಿಂತ ಜಾಸ್ತಿ ಮಲಗಿದ್ರೆ ಅನಾಟಮಿ ಕ್ಲಾಸಲ್ಲಿ ಮೂಳೆ ಹೆಸರೆಲ್ಲ ಕನಸಲ್ಲಿ ಬಂದಂಗೆ ಕೇಳ್ಸತ್ತೆ. ರಾತ್ರಿ ಫೋನ್ ಹಿಡ್ಕೊಂಡು ಸಿಗ್ನಲ್ ಸಿಗೋ ಮೂಲೆಗೆ ಹೋಗಿ ನಿಲ್ಲೋರೇ ಜಾಸ್ತಿ, ಮನೆಗೆ ಹತ್ತು ನಿಮಿಷ ಮಾತಾಡಿ ಸಾಕು, ಮಿಕ್ಕ ಟೈಮಲ್ಲಿ ಆ ದಿನದ ನೋಟ್ಸು ಒಂದ್ಸಲ ನೋಡಿ ಮಲಗಿ. ಪರೀಕ್ಷೆ ಹಿಂದಿನ ದಿನ ಪತಂಜಲಿ ಯೋಗಸೂತ್ರದ ನಾಲ್ಕು ಪಾದ, ಅಂದ್ರೆ ಅಧ್ಯಾಯ, ಯಾವ್ಯಾವ್ದು ಅಂತ ಒದ್ದಾಡೋದು ತಪ್ಪತ್ತೆ. ಸಮಾಧಿ, ಸಾಧನ, ವಿಭೂತಿ, ಕೈವಲ್ಯ, ದಿನಾ ಬೆಳಗ್ಗೆ ಹಲ್ಲುಜ್ಜುವಾಗ ಹೇಳ್ಕೊಂಡ್ರೂ ಸಾಕು.

ಕ್ರಿಯೆಗಳಲ್ಲಿ ಮೂಗಿಗೆ ಉಪ್ಪು ನೀರು ಬಿಟ್ಟು ತೊಳೆಯೋ ಜಲನೇತಿಗೇ ಜನ ಹೆದರೋದು, ನಿಜವಾಗಿ ಅದು ಸುಲಭ, ನೀರು ಸರಿ ಇದ್ರೆ. ಎಸ್ಟೇಟಲ್ಲಿ ನೀರು ಬಾವಿದೋ ತೊರೆದೋ ಆಗಿರತ್ತೆ, ಹಾಗಾಗಿ ಕುದಿಸಿ ಆರಿಸಿದ ನೀರೇ ಬೇಕು, ಬರೀ ಬೆಚ್ಚಗೆ ಮಾಡಿದ್ದು ಸಾಲದು, ಇದ್ರಲ್ಲಿ ನಾನು ಸ್ವಲ್ಪ ಸ್ಟ್ರಿಕ್ಟು. ಅರ್ಧ ಲೀಟರಿಗೆ ಒಂದು ಟೀ ಚಮಚಕ್ಕಿಂತ ತುಸು ಕಡಿಮೆ ಉಪ್ಪು, ಉಗುರುಬೆಚ್ಚಗೆ. ಮೂಗು ಉರಿದ್ರೆ ಉಪ್ಪು ಹೆಚ್ಚೋ ಕಮ್ಮಿಯೋ ಆಗಿದೆ ಅಂತ ಅರ್ಥ. ಬಾಯಲ್ಲಿ ಉಸಿರಾಡ್ತಾ ತಲೆ ಪಕ್ಕಕ್ಕೆ ವಾಲಿಸಿ, ಒಂದು ಕಡೆಯಿಂದ ಬಿಟ್ರೆ ಇನ್ನೊಂದು ಕಡೆಯಿಂದ ತಾನೇ ಬರತ್ತೆ. ಮುಖ್ಯವಾದ್ದು ಆಮೇಲೆ, ಮುಂದಕ್ಕೆ ಬಾಗಿ ಉಳಿದ ನೀರೆಲ್ಲ ಇಳಿಸಿ, ಮೆಲ್ಲಗೆ ಊದಿ ಒಣಗಿಸ್ಬೇಕು. ಅರ್ಧ ಒಣಗಿಸಿ ಮಂಜಲ್ಲಿ ಹೊರಗೆ ಬಂದ್ರೆ ಹಣೆ ಹಿಡ್ಕೊಳ್ಳತ್ತೆ. ಮೂಗು ಪೂರ್ತಿ ಕಟ್ಟಿದ್ರೆ, ಕಿವಿ ನೋವಿದ್ರೆ ಆ ದಿನ ಬಿಡಿ.

ಲಘು ಶಂಖಪ್ರಕ್ಷಾಳನ, ಅಂದ್ರೆ ಉಪ್ಪು ನೀರು ಕುಡಿದು ಹೊಟ್ಟೆ ತೊಳೆಯೋ ಕ್ರಿಯೆ, ಮಾಡ್ಸೋ ದಿನ ಇನ್ನೊಂದು ಕಥೆ. ಎರಡು ಲೋಟ ಬೆಚ್ಚನೆ ಉಪ್ಪು ನೀರು, ತಾಡಾಸನದಿಂದ ಉದರಾಕರ್ಷಣಾಸನದ ತನಕ ಐದು ಆಸನ, ಮತ್ತೆ ಎರಡು ಲೋಟ, ಮತ್ತೆ ಐದು ಆಸನ, ಹೀಗೆ ಮೂರು ಸುತ್ತು. ಟಾಯ್ಲೆಟ್ ಎಷ್ಟಿದೆ ಅನ್ನೋದನ್ನ ಅಡ್ಮಿಷನ್ ಟೈಮಲ್ಲಿ ಯಾರೂ ಕೇಳಲ್ಲ, ಆ ದಿನ ಎಲ್ರಿಗೂ ಜ್ಞಾನೋದಯ ಆಗತ್ತೆ. ಆದ್ಮೇಲೆ ಮುಕ್ಕಾಲು ಗಂಟೆ ಸುಮ್ನೆ ರೆಸ್ಟ್, ನಿದ್ದೆ ಮಾತ್ರ ಮಾಡೋ ಹಾಗಿಲ್ಲ, ನಂತ್ರ ಹೆಸರುಬೇಳೆ ಅನ್ನ ಮೆತ್ತಗೆ ಬೇಯಿಸಿ ತುಪ್ಪ ಹಾಕಿ ಕೊಡ್ತಾರೆ, ಅದನ್ನೇ ತಿನ್ನಿ. ಆ ದಿನ ಹಾಲು, ಹಸಿ ಹಣ್ಣು, ಖಾರ ಬೇಡ. ಬಿಪಿ, ಹೃದಯ, ಕಿಡ್ನಿ ತೊಂದ್ರೆ ಇರೋರು, ಬಸುರಿಯರು ಇದಕ್ಕೆ ಕೂರ್ಲೇಬಾರ್ದು. ಮನೆಗೆ ಹೋಗಿ ಒಬ್ಬೊಬ್ಬರೇ ಮಾಡೋದೂ ಬೇಡ.

ಆಸನದ ಬಗ್ಗೆ ಒಂದೇ ಮಾತು ಅಂತ ಇದ್ದೆ, ಎರಡು ಹೇಳ್ಬೇಕಾಗತ್ತೆ. ಮೊದಲ ವಾರ ನಿಮ್ಮ ಕೈಲಾಗೋದ್ರಲ್ಲಿ ಅರ್ಧ ಮಾಡಿ. ದಿನಕ್ಕೆ ಎರಡು ಕ್ಲಾಸು, ವಾರಕ್ಕೆ ಆರು ದಿನ, ಮನೇಲಿ ದಿನಕ್ಕೊಂದು ಗಂಟೆ ಮಾಡ್ತಿದ್ದ ಮೈಗೆ ಇದು ದಿಢೀರ್ ಹೊರೆ. ಪಕ್ಕದ ಮ್ಯಾಟಲ್ಲಿ ಯಾರೋ ಹುಡುಗಿ ಹಣೆ ಮೊಣಕಾಲಿಗೆ ಹಚ್ಚಿದ್ಲು ಅಂತ ನೀವು ಎಳೆದ್ರೆ ಕೂತ್ಕೊಳ್ಳೋ ಮೂಳೆ ಹತ್ರ, ಪೃಷ್ಠದ ಕೆಳಗೆ, ಚುಚ್ಚೋ ನೋವು ಬರತ್ತೆ, ಅದು ಒಂದ್ಸಲ ಬಂದ್ರೆ ತಿಂಗಳುಗಟ್ಲೆ ಹೋಗಲ್ಲ. ಅಲ್ಲಿ ಚುಚ್ಚಿದ ತಕ್ಷಣ ಮಂಡಿ ಬಗ್ಗಿಸಿ. ತೊಡೆ ಮಧ್ಯ ಎಳೆದ ಹಾಗೆ ಆದ್ರೆ ಪರ್ವಾಗಿಲ್ಲ. ಇನ್ನೊಂದು ಮಣಿಕಟ್ಟು, ಸೂರ್ಯನಮಸ್ಕಾರ ಜಾಸ್ತಿ ಆದಾಗ ಮೊದ್ಲು ಕೂಗೋದು ಅದೇ, ಅದ್ರಲ್ಲಿ ಬರೋ ಚತುರಂಗ ದಂಡಾಸನಕ್ಕೆ, ಅಂದ್ರೆ ಕೈ ಮೇಲೆ ಭಾರ ಹಾಕಿ ಮೈ ನೆಲದತ್ರ ಇಳಿಸೋ ಭಂಗಿಗೆ, ಮಂಡಿ ಊರಿ, ಯಾರೂ ಮಾರ್ಕ್ಸ್ ಕಡಿಮೆ ಮಾಡಲ್ಲ. ಮುಟ್ಟಿನ ದಿನಗಳಲ್ಲಿ ಟೀಚರ್‌ಗೆ ಒಂದು ಮಾತು ಹೇಳಿ ಹಿಂದೆ ಮ್ಯಾಟ್ ಹಾಕ್ಕೊಳ್ಳಿ, ಕಪಾಲಭಾತಿ, ಹೊಟ್ಟೆ ಒಳಗೆ ಎಳೆದು ತಿರುಗಿಸೋ ನೌಲಿ, ಬಿಗಿ ಹಿಡಿಯೋ ಬಂಧ ಎಲ್ಲಾ ಬಿಟ್ಟು ಮೆಲ್ಲಗೆ ಬೇಕಾದ್ದು ಮಾಡಿ. ಎರಡನೇ ವಾರ ಸುಮ್ಸುಮ್ನೆ ಅಳು ಬರೋದು, ಮನೆ ನೆನಪಾಗೋದು, ರೂಮ್‌ಮೇಟ್ ಉಸಿರಾಡೋ ಸೌಂಡೂ ಸಹಿಸಕ್ಕಾಗ್ದೇ ಇರೋದು ಎಲ್ಲಾ ಬ್ಯಾಚಲ್ಲೂ ಇದೆ. ಕೆಲವ್ರು ಇದನ್ನ ಚಕ್ರ ಓಪನ್ ಆಗ್ತಿದೆ ಅಂತಾರೆ, ನಂಗೆ ಕಂಡಂಗೆ ಮುಕ್ಕಾಲು ಪಾಲು ಸುಸ್ತು. ಒಂದು ಸಂಜೆ ಆಸನ ಕ್ಲಾಸಲ್ಲಿ ಕೂತು ಬರೀ ನೋಡ್ತೀನಿ ಅಂತ ಕೇಳಿ, ನೋಡಿ ಕಲಿಯೋದೂ ಟೀಚರ್ ಆಗೋಳಿಗೆ ಬೇಕಾದ ಪಾಠವೇ.

ಊಟದ ವಿಷ್ಯದಲ್ಲಿ ಕೊಡಗು ಚಿನ್ನ. ಈರುಳ್ಳಿ ಬೆಳ್ಳುಳ್ಳಿ ಇಲ್ಲದಿದ್ರೂ ಅಕ್ಕಿ ರೊಟ್ಟಿ, ಕಡಂಬುಟ್ಟು ಅಂದ್ರೆ ಅಕ್ಕಿ ತರಿ ಕಡುಬು, ನೂಪುಟ್ಟು ಅಂದ್ರೆ ಅಕ್ಕಿ ಶಾವಿಗೆ, ಹಲಸಿನಕಾಯಿ ಪಲ್ಯ, ಮಳೆಗಾಲದಲ್ಲಿ ಕಳಲೆ ಅಂದ್ರೆ ಎಳೆ ಬಿದಿರು, ಮೇಲೆ ಇಲ್ಲಿನ ಜೇನು. ಹಬೇಲಿ ಬೆಂದ ತಿಂಡಿ ಹೊಟ್ಟೆಗೆ ಹಗುರ, ಆದ್ರೆ ಹಗುರ ಅಂತ ಎಂಟು ಕಡಂಬುಟ್ಟು ಹಾಕ್ಕೊಂಡು ಫಿಲಾಸಫಿ ಕ್ಲಾಸಿಗೆ ಬಂದ್ರೆ ಪತಂಜಲಿಗೂ ನಿಮ್ಮನ್ನ ಎಬ್ಸಕ್ಕಾಗಲ್ಲ. ರಜೆ ದಿನ ಅರ್ಧ ಬ್ಯಾಚು ಮಡಿಕೇರಿಗೆ ಹೋಗೋದು ರಾಜಾಸೀಟ್ ನೋಡಕ್ಕೆ ಅಂತ ಹೇಳಿ, ತಿನ್ನೋದು ಪಂದಿ ಕರಿ, ಅಂದ್ರೆ ಹಂದಿ ಮಾಂಸದ ಸಾರು. ಅದು ನಿಮ್ಮ ನಿಮ್ಮ ಇಷ್ಟ, ನಾನೇನೂ ಹೇಳಲ್ಲ, ಮೂರು ವಾರ ಸಪ್ಪೆ ತಿಂದ ಹೊಟ್ಟೆ ಅದು ಅಂತ ನೆನಪಿಟ್ಕೊಳ್ಳಿ, ತಿನ್ನೋದಿದ್ರೆ ಮಧ್ಯಾಹ್ನ ತಿನ್ನಿ, ಸ್ವಲ್ಪ ತಿನ್ನಿ, ರಾತ್ರಿ ಗಂಜಿ ಕುಡೀರಿ. ಮಾರನೇ ದಿನ ಬೆಳಗ್ಗೆ ಐದೂವರೆಗೆ ನೌಲಿ ಇರತ್ತೆ.

ಈಗ ಪಾಠ ಹೇಳೋ ಪ್ರಾಕ್ಟೀಸು. ಬಂದಿರೋದೇ ಟೀಚರ್ ಆಗಕ್ಕೆ, ಆದ್ರೆ ಬಹಳ ಜನ ಇದನ್ನ ಕೊನೇ ವಾರಕ್ಕೆ ತಳ್ತಾರೆ. ಮೊದಲ ವಾರದಿಂದಾನೇ ಬಾಯಿ ಬಿಟ್ಟು ಹೇಳಿ ಅಭ್ಯಾಸ ಮಾಡಿ, ರೂಮ್‌ಮೇಟ್‌ಗೆ ತಾಡಾಸನ ಹೇಳ್ಕೊಡಿ ಸಾಕು. ಹೋದ ಬ್ಯಾಚಲ್ಲಿ ಒಬ್ಬ ಹುಡುಗಿ ದಿನಾ ಮಧ್ಯಾಹ್ನ ಪಾತ್ರೆ ಕೆಲ್ಸ ಮುಗಿದ್ಮೇಲೆ ಅಡಿಗೆ ಮನೆ ಅಕ್ಕನ್ನ ಹಿಡ್ಕೊಂಡು, "ಅಕ್ಕ, ಹತ್ತೇ ನಿಮಿಷ ಬನ್ನಿ" ಅಂತ ಪಾಠ ಶುರು ಮಾಡಿದ್ಲು. ವೀರಭದ್ರಾಸನಕ್ಕೆ ಬಲಗಾಲು ಹಿಂದೆ, ಹಿಮ್ಮಡಿ ಒತ್ತಿ, ಮಂಡಿ ಪಾದದ ಮೇಲೆ, ಸೊಂಟ ಮುಂದೆ, ಭುಜ ಇಳಿಸಿ, ಉಸಿರು ತಗೊಳ್ಳಿ ಅಂತ ಒಂದೇ ಸಮ ಹೇಳಿದ್ಲು. ಅಕ್ಕ ನಿಂತಲ್ಲೇ ನಿಂತು, "ಐದು ಕೆಲ್ಸ ಒಟ್ಟಿಗೆ ಹೇಳಿದ್ರೆ ನಾನು ಯಾವ್ದು ಮಾಡ್ಲಿ ಮಾರಾಯ್ತಿ, ಒಂದೊಂದೇ ಹೇಳು" ಅಂದ್ರು. ಆ ಹುಡುಗಿ ಫೈನಲ್ ಕ್ಲಾಸು ಇಡೀ ಬ್ಯಾಚಲ್ಲಿ ಚೆನ್ನಾಗಿತ್ತು, ಯಾಕಂದ್ರೆ ಒಂದು ಉಸಿರಿಗೆ ಒಂದೇ ಕೆಲ್ಸ ಹೇಳಿ, ಎದುರಿಗಿರೋರು ಮಾಡೋ ತನಕ ಕಾಯೋದು ಅಷ್ಟೊತ್ತಿಗೆ ರೂಢಿ ಆಗಿತ್ತು.

ನೀವೂ ಹಾಗೇ ಮಾಡಿ. ಮೊದ್ಲು ಕಾಲು ಎಲ್ಲಿ ಅಂತ ಹೇಳಿ, ಆಮೇಲೆ ಸೊಂಟ, ಆಮೇಲೆ ಕೈ, ಕೊನೆಗೆ ದೃಷ್ಟಿ, ಅಂದ್ರೆ ನೆಲದಿಂದ ಮೇಲಕ್ಕೆ. ಎದುರು ನಿಂತು ಕಲಿಸುವಾಗ ಕನ್ನಡಿ ಥರ, ನೀವು ಎಡಗೈ ಎತ್ತಿ ಬಾಯಲ್ಲಿ ಬಲಗೈ ಅನ್ಬೇಕು, ಇದು ತಲೆಗೆ ಹೋಗಕ್ಕೆ ಎರಡು ವಾರ ಬೇಕು, ಹಾಗಾಗಿ ಬೇಗ ಶುರು ಮಾಡಿ. ನೀವೂ ಪೂರ್ತಿ ಆಸನ ಮಾಡ್ತಾ ಹೇಳಕ್ಕೆ ಹೋದ್ರೆ ಏದುಸಿರು ಬರತ್ತೆ, ತೋರ್ಸಿ ಎದ್ದು ಓಡಾಡ್ತಾ ನೋಡಿ. ಕೋರ್ಸು ಇಂಗ್ಲಿಷಲ್ಲಿದ್ರೆ ಒಂದು ಕ್ಲಾಸಾದ್ರೂ ಕನ್ನಡದಲ್ಲಿ ಮಾಡಕ್ಕೆ ಪರ್ಮಿಷನ್ ಕೇಳಿ, ನಾಳೆ ಗೋಣಿಕೊಪ್ಪದಲ್ಲೋ ಹಾಸನದಲ್ಲೋ ನಿಮ್ಮ ಮುಂದೆ ಕೂರೋರು ಯಾರು ಅಂತ ನಿಮಗೇ ಗೊತ್ತಲ್ಲ. ಯಾರನ್ನಾದ್ರೂ ಮುಟ್ಟಿ ಸರಿ ಮಾಡೋ ಮುಂಚೆ ಕೇಳಿ, ಬೇಡ ಅಂದ್ರೆ ಬೇಡ. ನಿಮ್ಮನ್ನ ಯಾರಾದ್ರೂ ಕೇಳ್ದೆ ಜೋರಾಗಿ ಒತ್ತಿದ್ರೆ, ಅವ್ರು ಎಷ್ಟೇ ದೊಡ್ಡ ಟೀಚರ್ ಆಗಿರ್ಲಿ, ಸಾಕು ಸರ್, ಸಾಕು ಮೇಡಂ ಅಂತ ಗಟ್ಟಿಯಾಗಿ ಹೇಳಿ.

ರೂಮಿನ ವಿಷ್ಯ ಬೇಗ ಮುಗಿಸ್ತೀನಿ. ಮೊದಲ ದಿನವೇ ಕಿಟಕಿ, ಅಲಾರಂ, ಗೀಸರ್ ಸರದಿ ಮಾತಾಡ್ಕೊಳ್ಳಿ. ಮೌನದ ದಿನ ಇದ್ರೆ ಚೀಟಿ ಬರೆದು ಹರಟೆ ಹೊಡೀಬೇಡಿ. ಸೊಳ್ಳೆ ಪರದೆ ಇದ್ಯಾ ಅಂತ ನೋಡಿ.

ಕೊನೇ ದಿನಗಳಲ್ಲಿ ಥಿಯರಿ ಪೇಪರು, ಒಂದು ಪೂರ್ತಿ ಕ್ಲಾಸ್ ತಗೊಳ್ಳೋದು, ಸರ್ಟಿಫಿಕೇಟು, ಫೋಟೋ, ಅಳು. ಸರ್ಟಿಫಿಕೇಟ್ ಪ್ರಿಂಟಾಗೋ ಮುಂಚೆ ನಿಮ್ಮ ಹೆಸರು ಆಧಾರಲ್ಲೋ ಪಾಸ್‌ಪೋರ್ಟಲ್ಲೋ ಇರೋ ಹಾಗೇ ಬರ್ದಿದಾರಾ ಅಂತ ಆಫೀಸಲ್ಲಿ ನೋಡ್ಕೊಳ್ಳಿ, ಆಮೇಲೆ ತಿದ್ಸಕ್ಕೆ ಮತ್ತೆ ಗುಡ್ಡ ಹತ್ತಬೇಕು. ಕೊಡ್ತಿದ್ದಂಗೆ ಪ್ಲಾಸ್ಟಿಕ್ ಕವರಿಗೆ ಹಾಕಿ, ಈ ಗಾಳೀಲಿ ಕಾಗದ ಮೆತ್ತಗಾಗತ್ತೆ. ಮ್ಯಾಟ್ ಒರೆಸಿ ಒಣಗ್ಸಿ ಪ್ಯಾಕ್ ಮಾಡಿ. ಅಡಿಗೆ ಮನೆಯವ್ರಿಗೆ ಬ್ಯಾಚಿಂದ ಸೇರ್ಸಿ ಏನಾದ್ರೂ ಕೊಡೋದಿದ್ರೆ ಹಿಂದಿನ ರಾತ್ರಿನೇ ಕೊಡಿ, ಹೊರಡೋ ಬೆಳಗ್ಗೆ ಅವ್ರು ಮುಂದಿನ ಬ್ಯಾಚಿಗೆ ಸಾಮಾನು ತರಕ್ಕೆ ಸಂತೆಗೆ ಹೋಗಿರ್ತಾರೆ. ಜೀಪ್‌ಗೂ ಹಿಂದಿನ ದಿನವೇ ಹೇಳಿಟ್ಟಿರಿ, ಎಲ್ರೂ ಒಂದೇ ಬಸ್ಸಿಗೆ ಹೊರಡೋದ್ರಿಂದ ಒಂದು ಟ್ರಿಪ್ಪಲ್ಲಿ ಆಗಲ್ಲ.